ದೇವರ ಬಗ್ಗೆ ಬರೆಯುವಾಗ

(ಮಹಿಳಾ ವಿಭಾಗದ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ಈ ಸಲದ ಸ್ಮರಣ ಸಂಚಿಕೆಗೆ "ನಮ್ಮ ಶ್ರದ್ಧಾ ಕೇಂದ್ರಗಳು" ಎಂಬ ವಿಷಯ ಆರಿಸಿದ್ದೀರಿ. ಹಾಗಾಗಿ ಲೇಖನ ಬರೆಯುವವರಿಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದೀರಿ. ನಾನು ಧರ್ಮಶಾಸ್ತ್ರ ಓದಿದವಳಲ್ಲ, ಇತಿಹಾಸದ ಪ್ರಾಧ್ಯಾಪಕಿಯೂ ಅಲ್ಲ. ಕೆಲವು ವರ್ಷ ನಮ್ಮ ಸಂಚಿಕೆಯ ಲೇಖನಗಳನ್ನು ತಿದ್ದಿದ ಅನುಭವ ಮಾತ್ರ ನನಗಿದೆ. ಆ ತಿದ್ದುವ ಕೆಲಸದಲ್ಲಿ ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಇವತ್ತಿನ ಮಾತನ್ನು ಆ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಬೇಲೂರು ಪ್ರವಾಸ ಮಾಡಿ ಬಂದ ಸದಸ್ಯೆಯೊಬ್ಬರು ಒಳ್ಳೆಯ ಲೇಖನ ಕೊಟ್ಟಿದ್ದರು. ಶಿಲಾಬಾಲಿಕೆಯರ ವರ್ಣನೆ ಸೊಗಸಾಗಿತ್ತು. ಅದರಲ್ಲಿ ಒಂದು ಕಡೆ, ರಾಜ ವಿಷ್ಣುವರ್ಧನ "ಜೈನ ಮತದ ಕತ್ತಲೆಯಿಂದ ಹೊರಬಂದು" ವೈಷ್ಣವನಾದ ಎಂದು ಬರೆದಿದ್ದರು. ನಾನು ಕಾಗುಣಿತ ನೋಡಿದೆ, ಅಲ್ಪಪ್ರಾಣ ಮಹಾಪ್ರಾಣ ತಿದ್ದಿದೆ, ಉದ್ದದ ವಾಕ್ಯಗಳನ್ನು ಎರಡಾಗಿ ಒಡೆದೆ. "ಕತ್ತಲೆ" ಎಂಬ ಪದದ ಮೇಲೆ ನನ್ನ ಕಣ್ಣು ಹಾದುಹೋಯಿತು. ಆದರೆ ನಿಲ್ಲಲಿಲ್ಲ.

ಸಂಚಿಕೆ ಬಿಡುಗಡೆಯಾದ ಮರುವಾರ ಹಳದಿ ಕುಂಕುಮದ ದಿನ ನಮ್ಮ ಗೆಳತಿಯೊಬ್ಬರು ನನ್ನ ಪಕ್ಕದಲ್ಲಿ ಕುಳಿತಿದ್ದರು. ದಕ್ಷಿಣ ಕನ್ನಡದ ಜೈನ ಮನೆತನದವರು. ನಮ್ಮ ರಾಜ್ಯೋತ್ಸವದ ಅಡುಗೆಯ ಉಸ್ತುವಾರಿ ವರ್ಷಗಟ್ಟಲೆ ಅವರದೇ. ಕೈಯಲ್ಲಿದ್ದ ಎಳ್ಳುಬೆಲ್ಲದ ಪೊಟ್ಟಣ ಬಿಡಿಸುತ್ತಾ ತುಂಬ ಮೆಲ್ಲನೆ ಕೇಳಿದರು: "ಅಕ್ಕಾ, ನಮ್ಮಜ್ಜಿ ದಿನಾ ಬಸದಿಯಲ್ಲಿ ದೀಪ ಹಚ್ಚುತ್ತಿದ್ದರು. ನಾವು ಕತ್ತಲೆಯಲ್ಲಿ ಇದ್ದೆವಾ?"

ಅವರು ಜಗಳವಾಡಲಿಲ್ಲ. ಸಂಚಿಕೆ ವಾಪಸ್ ತೆಗೆದುಕೊಳ್ಳಿ ಎನ್ನಲಿಲ್ಲ, ಯಾರಿಗೂ ದೂರು ಕೊಡಲಿಲ್ಲ. ಆದರೆ ಮುಂದಿನ ಮೂರು ಕೂಟಗಳಿಗೆ ಬರಲೂ ಇಲ್ಲ. ಮಗಳ ಪರೀಕ್ಷೆ ಎಂದರು. ಮಗಳ ಪರೀಕ್ಷೆ ಮುಗಿದಿತ್ತು ಎಂಬುದು ನನಗೆ ಗೊತ್ತಿತ್ತು.

ಲೇಖನ ಬರೆದವರನ್ನು ನಾನು ದೂರುವುದಿಲ್ಲ. ಅವರು ಯಾರಿಗೂ ನೋವು ಮಾಡಬೇಕೆಂದು ಬರೆದವರಲ್ಲ. ಚಿಕ್ಕಂದಿನಲ್ಲಿ ಕೇಳಿದ ಕಥೆಯನ್ನು ಕೇಳಿದ ಹಾಗೆಯೇ ಬರೆದರು. ತಡೆದು ನಿಲ್ಲಿಸಬೇಕಾದವಳು ನಾನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತೇವೆ. ಅಚ್ಚಾದ ಮಾತಂತೂ ಇನ್ನೂ ಕಷ್ಟ. ಈಗ ನಮ್ಮದು ಇ-ಸಂಚಿಕೆ ಬೇರೆ, ಅಳಿಸಿದರೂ ಯಾರದೋ ಫೋನಿನಲ್ಲಿ ಉಳಿದಿರುತ್ತದೆ.

ಆಮೇಲೆ ನಾನು ಮಾಡಿದ ಮೊದಲ ಕೆಲಸ, ಆ ಕಥೆ ನಿಜಕ್ಕೂ ಹೇಗಿದೆ ಎಂದು ಓದಿದ್ದು. ನನಗೆ ಸಿಕ್ಕಿದ್ದನ್ನು ಸ್ವಲ್ಪ ಹೇಳುತ್ತೇನೆ.

ವಿಷ್ಣುವರ್ಧನ ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದ ಎಂಬ ವಿವರವಾದ ಕಥೆ ಸಿಗುವುದು ನಂತರದ ಕಾಲದ ಶ್ರೀವೈಷ್ಣವ ಗುರುಪರಂಪರೆಯ ಗ್ರಂಥಗಳಲ್ಲಿ. ಬೇಲೂರಿನ ಚೆನ್ನಕೇಶವ ದೇವಾಲಯ ಅವನು ಕಟ್ಟಿಸಿದ್ದು, 1117ರದು. ಇದು ಶಾಸನದಿಂದ ತಿಳಿಯುವ ವಿಷಯ. ಇಷ್ಟರ ಮೇಲೆ, ಅವನು ಜೈನರನ್ನು ತೊರೆದ ಎಂದು ಹೇಳಬಹುದೇ? ಅವನ ದಂಡನಾಯಕ ಗಂಗರಾಜ ಜೈನ. ಶ್ರವಣಬೆಳಗೊಳದ ಗೊಮ್ಮಟನ ಸುತ್ತ ಸುತ್ತಾಲಯ ಕಟ್ಟಿಸಿದವನು ಅವನೇ. ಅವನ ನೆನಪಿಗೆ ಮಗ ಬೊಪ್ಪದೇವ ಹಳೇಬೀಡಿನಲ್ಲಿ 1133ರಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದವನ್ನು ಅರ್ಚಕರು ಬಂಕಾಪುರದಲ್ಲಿದ್ದ ರಾಜನ ಬಳಿಗೆ ತಂದರು. ಅದೇ ಹೊತ್ತಿಗೆ ರಾಜನಿಗೆ ಯುದ್ಧದಲ್ಲಿ ಗೆಲುವು ಸಿಕ್ಕಿತ್ತು, ಮಗನೂ ಹುಟ್ಟಿದ್ದ. ರಾಜ ಪ್ರಸಾದವನ್ನು ಭಕ್ತಿಯಿಂದ ಸ್ವೀಕರಿಸಿ, ಆ ದೇವರಿಗೆ ವಿಜಯ ಪಾರ್ಶ್ವ ಎಂದೂ ಮಗನಿಗೆ ವಿಜಯ ನರಸಿಂಹ ಎಂದೂ ಹೆಸರಿಟ್ಟ. ಇದು ಶಾಸನದಲ್ಲೇ ಇರುವ ಸಂಗತಿ.

ಇನ್ನು ನಮ್ಮೆಲ್ಲರ ಮೆಚ್ಚಿನ ಶಾಂತಲಾದೇವಿ. ಆಕೆಯ ತಂದೆ ಮಾರಸಿಂಗಯ್ಯ ಶೈವರು, ತಾಯಿ ಮಾಚಿಕಬ್ಬೆ ಜೈನರು. ಶಾಂತಲೆ ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದರು. ಅದೇ ಶಾಂತಲೆ ಬೇಲೂರಿನ ಆವರಣದೊಳಗೇ ವಿಷ್ಣುವಿನ ಗುಡಿಯನ್ನೂ ಕಟ್ಟಿಸಿದರು. ನಾವು ಕಪ್ಪೆ ಚೆನ್ನಿಗರಾಯ ಎಂದು ನೋಡಿ ಬರುತ್ತೇವಲ್ಲ, ಅದು. ಒಂದೇ ಮನೆಯಲ್ಲಿ ಶಿವ, ಜಿನ, ವಿಷ್ಣು ಮೂವರಿಗೂ ದೀಪ ಹಚ್ಚಿದವರಿದ್ದರು. ಇದರಲ್ಲಿ ಯಾರ ಭಾಗ ಕತ್ತಲೆ, ಯಾರ ಭಾಗ ಬೆಳಕು?

ನೋಡಿ, ಇಲ್ಲಿ ನನಗೆ ಎರಡು ವಿಷಯ ಒಟ್ಟಿಗೆ ಅರ್ಥವಾದವು. ಆ ಒಂದು ಪದ ಗೆಳತಿಗೆ ನೋವು ಮಾಡಿತು ಎಂಬುದು ಒಂದು. ಆ ಪದ ಸುಳ್ಳೂ ಆಗಿತ್ತು ಎಂಬುದು ಇನ್ನೊಂದು. ತಟಸ್ಥವಾಗಿ ಬರೆಯಿರಿ ಎಂದರೆ ಕೆಲವರು ಅದು ಬರೀ ಸೌಜನ್ಯ, ಯಾರ ಮನಸ್ಸಿಗೂ ನೋವಾಗದಿರಲಿ ಎಂಬ ಎಚ್ಚರ ಎಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಅದು ಸತ್ಯದ ಪ್ರಶ್ನೆಯೂ ಹೌದು. ನಮ್ಮ ಅಭಿಮಾನ ಜಾಸ್ತಿಯಾದ ಜಾಗದಲ್ಲೇ ನಮ್ಮ ಮಾಹಿತಿ ತಪ್ಪಿರುತ್ತದೆ.

ಆ ಮೇಲೆ ನಾನು ಲೇಖನ ನೋಡುವಾಗ ಕೆಲವು ರೂಢಿ ಮಾಡಿಕೊಂಡೆ. ಅವನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು, ಮೂರು ಡಬ್ಬಿಗಳು. ನಮ್ಮ ಅಡುಗೆ ಮನೆಯಲ್ಲಿ ಉಪ್ಪು, ಸಕ್ಕರೆ, ರವೆ ಮೂರೂ ಬೆಳ್ಳಗೇ ಇರುತ್ತವೆ. ಬೇರೆ ಬೇರೆ ಡಬ್ಬಿಯಲ್ಲಿ ಇಡದಿದ್ದರೆ ಪಾಯಸ ಕೆಡುತ್ತದೆ. ಒಂದು ಕ್ಷೇತ್ರದ ಬಗ್ಗೆ ಬರೆಯುವಾಗ ನಮ್ಮ ಹತ್ತಿರ ಮೂರು ಬಗೆಯ ಮಾಹಿತಿ ಇರುತ್ತದೆ. ಶಾಸನ, ದಾಖಲೆ, ಕಣ್ಣಿಗೆ ಕಾಣುವ ಕಟ್ಟಡ ಒಂದು ಡಬ್ಬಿ. ಸ್ಥಳಪುರಾಣ, ಐತಿಹ್ಯ ಇನ್ನೊಂದು. ಇಂದು ಭಕ್ತರು ಏನು ನಂಬುತ್ತಾರೆ, ಏನು ಆಚರಿಸುತ್ತಾರೆ ಎಂಬುದು ಮೂರನೆಯದು. ಮೂರೂ ಬೇಕು. ಸ್ಥಳಪುರಾಣ ಇಲ್ಲದ ಕ್ಷೇತ್ರದ ಲೇಖನ ಉಪ್ಪಿಲ್ಲದ ಸಾರು. ಆದರೆ ಯಾವುದು ಯಾವ ಡಬ್ಬಿಯದು ಎಂದು ಓದುಗರಿಗೆ ಗೊತ್ತಾಗಬೇಕು. "ಶಾಸನದ ಪ್ರಕಾರ", "ಸ್ಥಳಪುರಾಣ ಹೇಳುವಂತೆ", "ಭಕ್ತರ ನಂಬಿಕೆ" ಈ ಮೂರು ಚೀಟಿ ಅಂಟಿಸಿದರೆ ಸಾಕು, ಅರ್ಧ ಕೆಲಸ ಮುಗಿಯಿತು.

ಎರಡನೆಯದು, ನಮ್ಮ ಕನ್ನಡದ "ಅಂತೆ". ಇದು ಎಷ್ಟು ಚೆಂದದ ಪ್ರತ್ಯಯ! "ಬಂದಳಂತೆ", "ಸಿಕ್ಕಿತಂತೆ" ಎಂದರೆ ನಾನು ನೋಡಿಲ್ಲ, ಕೇಳಿದ್ದು ಎಂದು ಒಂದೇ ಪದದಲ್ಲಿ ಪ್ರಾಮಾಣಿಕವಾಗಿ ಹೇಳಿಬಿಡುತ್ತೇವೆ. ಆದರೆ ಅದೇ "ಅಂತೆ"ಯನ್ನು ಸ್ವಲ್ಪ ಎಳೆದರೆ ಗೇಲಿಯಾಗುತ್ತದೆ. ನಮಗೆ ಬರುವ ಲೇಖನಗಳಲ್ಲಿ ನಾನು ಗಮನಿಸಿದ್ದೇನೆ, ನಮ್ಮ ದೇವರಾದರೆ "ಸ್ವಾಮಿ ಇಲ್ಲಿ ಪ್ರತ್ಯಕ್ಷನಾದ" ಎಂದು ನೇರ ವಾಕ್ಯ. ಬಾಂದ್ರಾದ ಮೌಂಟ್ ಮೇರಿಯ ವಿಷಯ ಬಂದರೆ, "ಮೂರ್ತಿ ಸಮುದ್ರದಲ್ಲಿ ಮೀನುಗಾರರಿಗೆ ಸಿಕ್ಕಿತಂತೆ, ಇವರೂ ನಂಬಿದರಂತೆ". ಎರಡೂ ಐತಿಹ್ಯಗಳೇ. ಒಂದಕ್ಕೆ ಅಂತೆ ಹಾಕಿದರೆ ಇನ್ನೊಂದಕ್ಕೂ ಹಾಕಿ. ಇಲ್ಲವಾದರೆ ಎರಡಕ್ಕೂ "ಎಂಬುದು ಭಕ್ತರ ನಂಬಿಕೆ" ಎಂದು ಬರೆಯಿರಿ. ಸೆಪ್ಟೆಂಬರ್ 8ರ ನಂತರದ ಭಾನುವಾರ ಶುರುವಾಗುವ ಆ ಜಾತ್ರೆಗೆ ಯಾವ ಯಾವ ಧರ್ಮದವರು ಮೇಣದ ಬತ್ತಿ ಹಿಡಿದು ಗುಡ್ಡ ಹತ್ತುತ್ತಾರೆ ಎಂದು ನೀವೇ ನೋಡಿದ್ದೀರಿ. ನಮ್ಮಲ್ಲೂ ಹತ್ತಿದವರಿದ್ದಾರೆ, ಕೈ ಎತ್ತಿ ಎಂದು ಕೇಳುವುದಿಲ್ಲ!

ಮೂರನೆಯದು, ಬಹುವಚನ. ಇಂಗ್ಲಿಷಿನಲ್ಲಿ ಈ ತೊಂದರೆ ಇಲ್ಲ, ಕನ್ನಡದಲ್ಲಿ ಇದೆ. "ಬಸವಣ್ಣನವರು ಹೇಳಿದರು" ಎಂದು ಬರೆದ ಲೇಖನದಲ್ಲೇ ಎರಡು ಸಾಲು ಕೆಳಗೆ "ಮಹಾವೀರ ಹೇಳಿದ", "ಪೈಗಂಬರ ಹೇಳಿದ" ಎಂದು ಇರುತ್ತದೆ. ಬರೆದವರಿಗೆ ಗೊತ್ತೇ ಆಗಿರುವುದಿಲ್ಲ. ದೇವರನ್ನು ಏಕವಚನದಲ್ಲಿ ಕರೆಯುವುದು ನಮ್ಮಲ್ಲಿ ಸಲುಗೆ, ಪ್ರೀತಿ. ಶಿವ ಬಂದ, ರಾಮ ಹೋದ ಎಂದರೆ ಯಾರೂ ಬೇಸರಿಸುವುದಿಲ್ಲ. ಆದರೆ ಆ ಸಲುಗೆ ಮನೆಯವರದು. ಪಕ್ಕದ ಮನೆಯ ಹಿರಿಯರನ್ನು ನಾವು ಆ ಸಲುಗೆಯಿಂದ ಕರೆಯುತ್ತೇವೆಯೇ? ನನ್ನ ಸುಲಭ ಸೂತ್ರ ಇಷ್ಟು: ಬಾಳಿ ಬದುಕಿದ ಗುರುಗಳು, ಪ್ರವಾದಿಗಳು, ಸಂತರು ಎಲ್ಲರಿಗೂ ಒಂದೇ ಅಳತೆ. ದೇವರ ವಿಷಯದಲ್ಲಿ ಆಯಾ ಭಕ್ತರು ಹೇಗೆ ಕರೆಯುತ್ತಾರೋ ಹಾಗೆ.

ನಾಲ್ಕನೆಯದು, ತೀರ್ಪು ಕೊಡುವ ಪದಗಳು. ನಮ್ಮದು "ಧರ್ಮ", ಅವರದು "ಮತ". ನಮ್ಮದು "ಮೂರ್ತಿ", ಅವರದು "ಬೊಂಬೆ". ನಮ್ಮದು "ಪವಾಡ", ಅವರದು "ಕಟ್ಟುಕಥೆ". ನಮ್ಮ ಕಡೆ ಬಂದವರು "ಸತ್ಯ ಕಂಡುಕೊಂಡರು", ಆ ಕಡೆ ಹೋದವರು "ಮತಾಂತರಕ್ಕೆ ಬಲಿಯಾದರು". ಬರೆದಾದ ಮೇಲೆ ಕೆಂಪು ಪೆನ್ನು ಹಿಡಿದು ವಿಶೇಷಣಗಳಿಗೆಲ್ಲ ಗೆರೆ ಎಳೆಯಿರಿ. ಆ ಪದ ತೆಗೆದರೆ ಮಾಹಿತಿ ಕಡಿಮೆಯಾಗುತ್ತದೆಯೇ? "ಕತ್ತಲೆಯಿಂದ ಹೊರಬಂದು" ಎಂಬುದನ್ನು ತೆಗೆದಿದ್ದರೆ ಆ ಬೇಲೂರಿನ ಲೇಖನದಲ್ಲಿ ಏನೂ ಕಡಿಮೆಯಾಗುತ್ತಿರಲಿಲ್ಲ. ಒಬ್ಬ ಗೆಳತಿ ಮೂರು ತಿಂಗಳು ದೂರ ಇರುತ್ತಿರಲಿಲ್ಲ.

ಐದನೆಯದು, ಹೆಸರು ಬದಲಿಸಿ ಓದುವುದು. ಇದಕ್ಕೆ ನಮ್ಮ ಮಹಾರಾಷ್ಟ್ರದ್ದೇ ಉದಾಹರಣೆ ಕೊಡುತ್ತೇನೆ. 2016ರಲ್ಲಿ ಎರಡು ಘಟನೆ ನಡೆದವು. ಶನಿ ಶಿಂಗಣಾಪುರದ ಕಟ್ಟೆಯ ಮೇಲೆ ಹೆಂಗಸರಿಗೆ ಪ್ರವೇಶ ಇರಲಿಲ್ಲ. ದೇವಸ್ಥಾನಗಳ ಪ್ರವೇಶ ಮಹಿಳೆಯರ ಹಕ್ಕು ಎಂದು ಬಾಂಬೆ ಹೈಕೋರ್ಟ್ ಮಾರ್ಚ್ ಕೊನೆಯಲ್ಲಿ ಹೇಳಿತು, ಏಪ್ರಿಲ್‌ನಲ್ಲಿ ಗುಡಿಪಾಡ್ವದ ದಿನ ಟ್ರಸ್ಟ್ ಒಪ್ಪಿತು. ಹಾಜಿ ಅಲಿ ದರ್ಗಾದ ಒಳಭಾಗಕ್ಕೂ ಕೆಲವು ವರ್ಷಗಳಿಂದ ಹೆಂಗಸರನ್ನು ಬಿಡುತ್ತಿರಲಿಲ್ಲ. ಅದೇ ಹೈಕೋರ್ಟ್ ಆಗಸ್ಟ್‌ನಲ್ಲಿ ಆ ನಿರ್ಬಂಧ ಸರಿಯಲ್ಲ ಎಂದಿತು, ವರ್ಷದ ಕೊನೆಯ ಹೊತ್ತಿಗೆ ಮಹಿಳೆಯರು ಒಳಗೆ ಹೋದರು. ಒಂದೇ ರಾಜ್ಯ, ಒಂದೇ ವರ್ಷ, ಒಂದೇ ನ್ಯಾಯಾಲಯ. ಆದರೆ ನಮ್ಮ ಮನೆಗಳಲ್ಲಿ ಮಾತು ಹೇಗಿತ್ತು ನೆನಪಿಸಿಕೊಳ್ಳಿ. ಒಂದು ಕಡೆಯದು "ಅನಾದಿ ಕಾಲದ ಸಂಪ್ರದಾಯ", ಇನ್ನೊಂದು ಕಡೆಯದು "ಹೆಂಗಸರ ಶೋಷಣೆ". ಯಾವ ಕಡೆ ಯಾವ ಪದ ಎಂಬುದು ಮಾತನಾಡುವವರು ಯಾರು ಎಂಬುದರ ಮೇಲೆ ನಿಂತಿತ್ತು. ನೀವು ಬರೆದ ವಾಕ್ಯದಲ್ಲಿ ಕ್ಷೇತ್ರದ ಹೆಸರು ಬದಲಿಸಿ ಓದಿ ನೋಡಿ. ಆಗಲೂ ಅದೇ ಕ್ರಿಯಾಪದ ಬಳಸುತ್ತೀರಾದರೆ ವಾಕ್ಯ ಸರಿಯಾಗಿದೆ.

ಈಗ ನಿಮ್ಮಲ್ಲಿ ಕೆಲವರಿಗೆ ಒಂದು ಅನುಮಾನ ಬಂದಿರಬಹುದು. ಹೀಗೆ ಎಲ್ಲವನ್ನೂ ತೂಗಿ ತೂಗಿ ಬರೆದರೆ ಭಕ್ತಿ ಎಲ್ಲಿ ಉಳಿಯಿತು? ಲೇಖನ ಸರ್ಕಾರಿ ಗೆಜೆಟ್ ಆಗುವುದಿಲ್ಲವೇ?

ಆಗಬೇಕಾಗಿಲ್ಲ. ನಿಮ್ಮ ಭಕ್ತಿಯನ್ನು ನಿಮ್ಮದೆಂದೇ ಬರೆಯಿರಿ. "ಗರ್ಭಗುಡಿಯ ಮುಂದೆ ನಿಂತಾಗ ನನಗೆ ಅಮ್ಮನ ನೆನಪಾಗಿ ಕಣ್ಣು ತುಂಬಿತು" ಎಂಬ ವಾಕ್ಯಕ್ಕೆ ಯಾವ ದಾಖಲೆಯೂ ಬೇಡ, ಅದು ಯಾರನ್ನೂ ಕೆಳಗೆ ತಳ್ಳುವುದೂ ಇಲ್ಲ. ನನ್ನ ಅನುಭವ ನನ್ನದು. ತೊಂದರೆ ಶುರುವಾಗುವುದು "ಇಂಥ ಶಕ್ತಿ ಬೇರೆಲ್ಲೂ ಇಲ್ಲ" ಎಂದು ಸೇರಿಸಿದಾಗ. ಬೇರೆಲ್ಲ ಕಡೆ ನಾವು ಹೋಗಿ ನೋಡಿಲ್ಲವಲ್ಲ!

ಇನ್ನೊಂದು ಅನುಮಾನವೂ ಇದೆ, ಅದು ಇನ್ನೂ ಗಂಭೀರ. ತಟಸ್ಥವಾಗಿರಿ ಎಂದರೆ ಅನ್ಯಾಯ ಕಂಡರೂ ಸುಮ್ಮನಿರಿ ಎಂದೇ? ಹೆಂಗಸರ ವೇದಿಕೆಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಡದೆ ಕೆಳಗಿಳಿಯಬಾರದು. ದೇವದಾಸಿ ಪದ್ಧತಿಯ ಬಗ್ಗೆ ಬರೆಯುವುದಾದರೆ, ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುತ್ತಿದ್ದರು, ಅದನ್ನು ನಿಷೇಧಿಸಿ ಕರ್ನಾಟಕದಲ್ಲಿ 1982ರಲ್ಲಿ ಕಾಯಿದೆ ಆಯಿತು ಎಂದು ಸ್ಪಷ್ಟವಾಗಿ ಬರೆಯಲೇಬೇಕು. ಮುಚ್ಚಿಟ್ಟರೆ ಅದು ತಟಸ್ಥತೆಯಲ್ಲ, ಹೇಡಿತನ. ಆದರೆ ಅಲ್ಲಿಂದ ಜಿಗಿದು "ಆ ದೇವಿಯ ಭಕ್ತರೆಲ್ಲ ಹೀಗೇ" ಎಂದು ಬರೆದರೆ, ಮಂಗಳವಾರ ಶುಕ್ರವಾರ ದೇವಿಗೆ ಬೇವು ಅರಿಸಿನ ಇಟ್ಟು ಮಕ್ಕಳ ಆರೋಗ್ಯ ಬೇಡಿಕೊಳ್ಳುವ ಲಕ್ಷಾಂತರ ತಾಯಂದಿರನ್ನೂ ಕಟಕಟೆಗೆ ಎಳೆದ ಹಾಗಾಯಿತು. ಯಾರು ಮಾಡಿದರು, ಯಾರಿಗೆ ಮಾಡಿದರು, ಯಾವಾಗ ಮಾಡಿದರು ಎಂದು ಬರೆಯಿರಿ. ಸತ್ಯಾಂಶವೇ ಸಾಕಷ್ಟು ಚುಚ್ಚುತ್ತದೆ, ನಾವು ಮೇಲೆ ಖಾರ ಹಾಕಬೇಕಾಗಿಲ್ಲ.

ಮೂಲಗಳೇ ಒಂದಕ್ಕೊಂದು ಒಪ್ಪದಿದ್ದರೆ ಏನು ಮಾಡುವುದು? ಅಕ್ಕಮಹಾದೇವಿಯವರ ಬಗ್ಗೆ ಪ್ರತಿ ವರ್ಷ ಒಬ್ಬರಾದರೂ ಬರೆಯುತ್ತೀರಿ. ಕೌಶಿಕ ರಾಜನ ಜೊತೆ ಅಕ್ಕನ ಮದುವೆ ಆಯಿತೇ ಇಲ್ಲವೇ ಎಂದು ಒಮ್ಮೆ ನಮ್ಮ ಕೂಟದಲ್ಲಿ ಚಹಾ ಆರಿಹೋಗುವಷ್ಟು ಹೊತ್ತು ವಾದ ನಡೆದಿತ್ತು. ಹರಿಹರ ಕವಿ ತನ್ನ ರಗಳೆಯಲ್ಲಿ, ಕೆಲವು ಷರತ್ತುಗಳ ಮೇಲೆ ಮದುವೆಯಾಯಿತು, ರಾಜ ಮಾತಿಗೆ ತಪ್ಪಿದಾಗ ಅಕ್ಕ ಹೊರಟುಬಂದರು ಎನ್ನುತ್ತಾನೆ. ಆಮೇಲೆ ಬಂದ ಚಾಮರಸ ಪ್ರಭುಲಿಂಗಲೀಲೆಯಲ್ಲಿ ಮದುವೆಯೇ ಆಗಲಿಲ್ಲ ಎನ್ನುತ್ತಾನೆ. ಇಂಥಲ್ಲಿ ನಮಗೆ ಇಷ್ಟವಾದದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಬಚ್ಚಿಡುವುದು ಬೇಡ. ಎರಡನ್ನೂ ಹೇಳಿ, ಯಾರು ಹೇಳಿದ್ದು ಎಂದೂ ಹೇಳಿ. ಹಾಗೆ ಬರೆದರೆ ಅಕ್ಕನ ಹಿರಿಮೆಗೆ ಏನಾದರೂ ಕುಂದು ಬಂತೇ? ಮದುವೆ ಒಪ್ಪಿ ಹೊರಬಂದರೂ, ಒಪ್ಪದೆಯೇ ಹೊರಬಂದರೂ, ಹೊರಬಂದ ಧೈರ್ಯ ಒಂದೇ.

"ಇಷ್ಟೆಲ್ಲ ತಾಪತ್ರಯ ಯಾಕೆ, ಧರ್ಮದ ವಿಷಯವೇ ಬೇಡ, ಅಡುಗೆ ಪ್ರವಾಸ ಬರೆಯೋಣ" ಎಂದು ನಮ್ಮ ಸಮಿತಿಯಲ್ಲೂ ಒಮ್ಮೆ ಮಾತು ಬಂದಿತ್ತು. ಆದರೆ ನಮ್ಮ ಅಡುಗೆಯಲ್ಲೂ ಹಬ್ಬ ಇದೆ, ಪ್ರವಾಸದಲ್ಲೂ ದೇವಸ್ಥಾನ ಇದೆ. ಊರು ಬಿಟ್ಟು ಬಂದ ನಮಗೆ ಮನೆದೇವರ ಕಥೆಯೇ ಊರಿನ ಕಥೆ. ಅದನ್ನು ಬರೆಯದಿದ್ದರೆ ಇಲ್ಲೇ ಹುಟ್ಟಿ ಮರಾಠಿ ಹಿಂದಿಯಲ್ಲಿ ಆಡುವ ನಮ್ಮ ಮಕ್ಕಳಿಗೆ ಯಾರು ಹೇಳುತ್ತಾರೆ? ಬರೆಯಲೇಬೇಕು. ಆದರೆ ನೆನಪಿಡಿ, ಊರಿನಲ್ಲಿ ಒಂದೊಂದು ಮಠಕ್ಕೆ, ಒಂದೊಂದು ಸಮಾಜಕ್ಕೆ ಒಂದೊಂದು ಪತ್ರಿಕೆ ಇರಬಹುದು. ಇಲ್ಲಿ ನಮ್ಮೆಲ್ಲರಿಗೂ ಇರುವುದು ಇದೊಂದೇ ಸಂಚಿಕೆ. ಇದನ್ನು ಓದುವವರು ಲಿಂಗಾಯತರು, ಬ್ರಾಹ್ಮಣರು, ಬಂಟರು, ಬಿಲ್ಲವರು, ಜೈನರು, ಮಂಗಳೂರಿನ ಕ್ರೈಸ್ತರು, ವಿಜಯಪುರದ ಮುಸ್ಲಿಮರು. ನಮ್ಮನ್ನು ಸೇರಿಸಿರುವ ದಾರ ಕನ್ನಡ ಒಂದೇ. ಹಾಗಾಗಿ "ನಾವು" ಎಂದು ಬರೆಯುವಾಗ ಆ "ನಾವು" ಒಳಗೆ ಯಾರಿದ್ದಾರೆ, ಯಾರು ಹೊರಗೆ ಉಳಿದರು ಎಂದು ಒಂದು ಕ್ಷಣ ನೋಡಿ.

ಇದು ಹೊಸ ಉಪದೇಶವೇನೂ ಅಲ್ಲ. ಶ್ರವಣಬೆಳಗೊಳದಲ್ಲಿ 1368ರ ಒಂದು ಶಾಸನ ಇದೆ, ಬುಕ್ಕರಾಯನ ಕಾಲದ್ದು. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ, ಜೈನರು ರಾಜನ ಬಳಿ ದೂರು ಒಯ್ದರು. ರಾಜ ಇಬ್ಬರನ್ನೂ ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ಹೇಳಿದ. ಪಂಚಮಹಾವಾದ್ಯ, ಕಲಶದ ಹಕ್ಕು ಜೈನರಿಗೆ ಹಿಂದಿನಂತೆಯೇ ಉಳಿಯಿತು. ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಕಾವಲಿನವರನ್ನು ನೇಮಿಸುವ ಹೊಣೆ ತಿರುಮಲೆಯ ತಾತಯ್ಯ ಎಂಬ ವೈಷ್ಣವರದಾಯಿತು. ನನಗೆ ಆ ಶಾಸನದಲ್ಲಿ ಇಷ್ಟವಾದದ್ದು ಅದರ ರೀತಿ. ದೂರು ಏನು, ಯಾರು ಯಾರು ಬಂದರು, ಏನು ತೀರ್ಮಾನ, ಖರ್ಚು ಹೇಗೆ, ತಪ್ಪಿದವರಿಗೆ ಏನು, ಎಲ್ಲವೂ ಕಲ್ಲಿನ ಮೇಲಿದೆ. ಕಲ್ಲಿನಲ್ಲಿ ಕೊರೆಯುವವರು ಪದಗಳನ್ನು ಅಳೆದು ಕೊರೆಯುತ್ತಾರೆ. ನಮ್ಮ ಕೀಬೋರ್ಡ್ ತುಂಬ ಮೃದು, ಅದೇ ಕಷ್ಟ.

ಕೊನೆಗೆ ನಮ್ಮ ಗೆಳತಿಯ ವಿಷಯ. ನಾನು ಅವರ ಮನೆಗೆ ಹೋದೆ. ಕ್ಷಮೆ ಕೇಳಿದೆ. ಅವರು "ಅಯ್ಯೋ ಬಿಡಿ ಅಕ್ಕ" ಎಂದರು, ಚಹಾ ಕೊಟ್ಟರು. ಮುಂದಿನ ಸಂಚಿಕೆಯಲ್ಲಿ ಒಂದು ತಿದ್ದುಪಡಿ ಹಾಕಿದೆವು, ನಾಲ್ಕೇ ಸಾಲು, ವಿವರಣೆ ಸಮರ್ಥನೆ ಏನೂ ಇಲ್ಲದೆ. ಅದೇ ಸಂಚಿಕೆಗೆ ಶಾಂತಲೆಯ ಬಸದಿಯ ಬಗ್ಗೆ ನೀವೇ ಬರೆಯಿರಿ ಎಂದು ಕೇಳಿಕೊಂಡೆ. ಬರೆದರು, ಬಹಳ ಚೆನ್ನಾಗಿ ಬರೆದರು. ತಿದ್ದಲು ಕುಳಿತಾಗ ಒಂದು ಕಡೆ "ವೈದಿಕರ ಕುತಂತ್ರದಿಂದ" ಎಂದು ಇತ್ತು. ಈ ಸಲ ನನ್ನ ಕಣ್ಣು ನಿಂತಿತು. ಫೋನ್ ಮಾಡಿ, "ಇದು ಯಾವ ಡಬ್ಬಿಯದು?" ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಜೋರಾಗಿ ನಕ್ಕರು. "ತೆಗೀರಿ ಅಕ್ಕ, ನನಗೂ ಕತ್ತಲೆ ಬಂದಿತ್ತು" ಎಂದರು.

ಈಗ ನನ್ನ ಲೇಖನವನ್ನು ಅವರು ಮೊದಲು ಓದುತ್ತಾರೆ, ಅವರ ಲೇಖನವನ್ನು ನಾನು. ನಿಮಗೂ ನನ್ನ ವಿನಂತಿ ಅದೇ. ಈ ಸಂಚಿಕೆಗೆ ನಿಮ್ಮ ಲೇಖನ ಕಳಿಸುವ ಮೊದಲು, ನಿಮ್ಮ ನಂಬಿಕೆಯವರಲ್ಲದ ಒಬ್ಬ ಗೆಳತಿಗೆ ಓದಲು ಕೊಡಿ. ಎಲ್ಲಿಯಾದರೂ ಅವರು ಓದುವುದನ್ನು ನಿಲ್ಲಿಸಿದರೆ, ಆ ಸಾಲನ್ನು ಇನ್ನೊಮ್ಮೆ ನೋಡಿ. ಹುಡುಕಿದರೆ ಅಂಥ ಗೆಳತಿ ಈ ಸಭಾಂಗಣದಲ್ಲೇ, ನಿಮ್ಮ ಪಕ್ಕದ ಕುರ್ಚಿಯಲ್ಲೇ ಇದ್ದಾರೆ.

 ಲೇಖನಗಳನ್ನು ತಿಂಗಳ ಕೊನೆಯೊಳಗೆ ಕಳಿಸಿ. ಕಾಗುಣಿತ ನಾನು ನೋಡಿಕೊಳ್ಳುತ್ತೇನೆ!